ಶಾಂತಮಲ್ಲಮ್ಮ ಮತ್ತು ಮುನಿಯನ ಮುಖ

ತಾಳವಾಡಿಯಲ್ಲಿ ಸತ್ತ ಗಂಡಸರೆಲ್ಲ ಒಂದೇ ನೀಲಿ ಕೋಟು ಹಾಕಿಕೊಂಡಿದ್ದಾರೆ. ನಂಬಿಕೆ ಬಾರದಿದ್ದರೆ ಯಾರ ಮನೆಯ ನಡುಮನೆಗಾದರೂ ಹೋಗಿ ಗೋಡೆ ನೋಡಿ. ಬದುಕಿದ್ದಷ್ಟು ದಿನ ಮೈಮೇಲೊಂದು ಬನಿಯನ್ನು, ಹೆಗಲ ಮೇಲೊಂದು ಟವೆಲ್ಲು ಬಿಟ್ಟು ಬೇರೆ ಕಾಣದವರು ಹಾರ ಹಾಕಿದ ಫೋಟೋದಲ್ಲಿ ಮಾತ್ರ ನೀಲಿ ಕೋಟು ತೊಟ್ಟು, ಕೆಂಪು ಟೈ ಕಟ್ಟಿ, ಬ್ಯಾಂಕಿನ ಮ್ಯಾನೇಜರರ ಗತ್ತಿನಲ್ಲಿ ಕೂತಿರುತ್ತಾರೆ. ಹೆಂಗಸರಿಗೆ ಹಸಿರಂಚಿನ ರೇಷ್ಮೆ ಸೀರೆ. ಅದೂ ಎಲ್ಲರಿಗೂ ಒಂದೇ. ಈ ಕೋಟು ಸೀರೆಗಳನ್ನು ಊರಿಗೆಲ್ಲ ಒದಗಿಸಿದವಳು ಬಸ್ ಸ್ಟಾಂಡಿನ ಎದುರಿನ ಫೋಟೋ ಸ್ಟುಡಿಯೋದ ಶಾಂತಮಲ್ಲಮ್ಮ. ಕಂಪ್ಯೂಟರು ಬಂದ ಹೊಸತರಲ್ಲಿ ಯಾರದೋ ಮದುವೆ ಫೋಟೋದಿಂದ ಆ ಕೋಟನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಕೋಟಿನ ಅಸಲಿ ಮದುಮಗ ಹಾಸನೂರಿನಲ್ಲಿ ಈಗಲೂ ಗಟ್ಟಿಮುಟ್ಟಾಗಿದ್ದಾನೆ. ಅವನಿಗೆ ವಿಷಯ ಗೊತ್ತಿಲ್ಲ.

ಮನೆಯಲ್ಲಿ ಸಾವಾದರೆ ತಿಥಿಯ ಹೊತ್ತಿಗೆ ಫೋಟೋ ಬೇಕು. ಬದುಕಿದ್ದಾಗ ಯಾರಿಗೂ ಅದರ ಯೋಚನೆ ಇರುವುದಿಲ್ಲ. ಆಮೇಲೆ ಓಡಿ ಬರುತ್ತಾರೆ, ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನ ಅರ್ಧ ಮುಖ ಹಿಡಿದುಕೊಂಡು, ಇಲ್ಲವೇ ರೇಷನ್ ಕಾರ್ಡಿನ ಮೇಲಿನ ಅಂಚೆಚೀಟಿಯಷ್ಟು ಮುಖ ಹಿಡಿದುಕೊಂಡು. ಏನೂ ಇಲ್ಲದವರು ಜೀವ ಹೋದ ಮೇಲೆ ಮೊಬೈಲಿನಲ್ಲಿ ತೆಗೆದದ್ದನ್ನೇ ತರುತ್ತಾರೆ. ಅದರಲ್ಲಿ ಕಣ್ಣು ಮುಚ್ಚಿರುತ್ತದೆ. ಶಾಂತಮಲ್ಲಮ್ಮ ತೆರೆಸುತ್ತಾಳೆ. ಸತ್ತವರ ಕಣ್ಣು ತೆರೆಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಎಂದು ಗೆಟ್ಟವಾಡಿಯಿಂದ ಹಾಸನೂರಿನ ತನಕ ಹೆಸರಿದೆ. ಈ ಹೆಸರಿನಿಂದ ಒಂದು ತೊಂದರೆಯೂ ಆಯಿತು. ಊರಿನಲ್ಲಿ ಜಗಳ ವಿಕೋಪಕ್ಕೆ ಹೋದರೆ, “ನಿನ್ ಮೊಖಾನ ಶಾಂತಮಲ್ಲಮ್ಮನ ತಾವ ಕಳಿಸ್ಬುಡ್ತೀನಿ ಕಣ್ಲಾ” ಎಂದು ಹೆದರಿಸುವುದು ರೂಢಿಯಾಯಿತು. ಬದುಕಿರುವ ಯಾರೂ ಅವಳ ಮುಂದೆ ಸುಮ್ಮನೆ ಕೂರುತ್ತಿರಲಿಲ್ಲ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಕೂಡ ಫ್ಲಾಷು ಹೊಡೆದ ತಕ್ಷಣ ಎದ್ದುಬಿಡುತ್ತಿದ್ದರು.

ಇಷ್ಟು ಹೆಸರಿದ್ದವಳಿಗೆ ಒಂದು ಮುಖ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದು ಮುನಿಯನ ಮುಖ. ಮೊದಲು ಅದು ಸಿಗದೆ ಹೋದದ್ದು ಅವಳ ಅಪ್ಪನಿಗೆ.

ಅಪ್ಪ ಪುಟ್ಟಬಸಪ್ಪ ಬೋರ್ಡು ಬರೆಯುವವರು. ಹಾಲಿನ ಡೈರಿ, ಗೊಬ್ಬರದ ಅಂಗಡಿ, ಚುನಾವಣೆಯ ಗೋಡೆ ಎಲ್ಲದರ ಮೇಲೂ ಅವರದೇ ಅಕ್ಷರ. ಕನ್ನಡ ಆಡುವ ಊರು ತಮಿಳುನಾಡಿನ ಗಡಿಯೊಳಗಿರುವುದರಿಂದ ಮೇಲೆ ತಮಿಳು, ಕೆಳಗೆ ಕನ್ನಡ, ಎರಡಕ್ಕೂ ಒಂದೇ ಅಳತೆ. ಯಾರೂ ತಕರಾರು ಎತ್ತಬಾರದು. ಬಿಡುವಿದ್ದಾಗ ಸತ್ತವರ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು ಕೊಡುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಜೀರಹಳ್ಳಿಯಾಚೆ ಕಾಡಿನ ಜನರ ಹಟ್ಟಿಯಾದ ಪೋಡಿನಿಂದ ಜಡೆಯಮ್ಮ ಬಂದಳು. ತುಂಬು ಬಸುರಿ. ಗಂಡ ಮುನಿಯ ಜೇನು ಕೀಳಲು ಹೋದವನು ಬಂಡೆಯಿಂದ ಬಿದ್ದು ಸತ್ತು ಸ್ವಲ್ಪ ದಿನವಾಗಿತ್ತು. ಅವಳ ಪೋಡಿನಲ್ಲಿ ಸತ್ತವರಿಗೆ ಕಲ್ಲು ಇಡುತ್ತಾರೆ, ಪೂಜೆ ಆ ಕಲ್ಲಿಗೆ. ಫೋಟೋ ಇಡುವ ಪದ್ಧತಿಯಿಲ್ಲ. ಕಲ್ಲು ಇಟ್ಟಾಗಿತ್ತು. ಜಡೆಯಮ್ಮ ಬಂದದ್ದು ಬೇರೆ ಕೆಲಸಕ್ಕೆ.

“ಒಟ್ಟೇಲಿರೋದು ಮುಂದ್ಕೆ ಅಪ್ಪ ಎಂಗಿದ್ದ ಅಂತ ಕೇಳ್ತದಲ್ಲ ಬುದ್ದಿ. ಒಂದು ಮೊಖ ಬರ್ಕೊಡಿ,” ಎಂದಳು.

ಪುಟ್ಟಬಸಪ್ಪ ಫೋಟೋ ಕೇಳಿದರು. ಇರಲಿಲ್ಲ. ಆ ಕಾಲದಲ್ಲಿ ಕಾಡಿನ ಜನ ಕ್ಯಾಮರಾ ಕಂಡರೆ ಮರದ ಹಿಂದೆ ಸರಿಯುತ್ತಿದ್ದರು. ಕಾಡುಗಳ್ಳನನ್ನು ಹುಡುಕುತ್ತ ಬರುತ್ತಿದ್ದ ಪೊಲೀಸರ ಭಯ, ಆ ಕತೆ ಈಗ ಬೇಡ. ರೇಷನ್ ಕಾರ್ಡಿನಲ್ಲಿ ಮುನಿಯನ ಫೋಟೋ ಅಂಟಿಸಿದ್ದ ಮೂಲೆಯನ್ನು ಮಾತ್ರ ಆರಿಸಿಕೊಂಡು ಗೆದ್ದಲು ತಿಂದಿತ್ತು. ಪುಟ್ಟಬಸಪ್ಪ ಪೆನ್ಸಿಲು ಚೂಪು ಮಾಡಿಕೊಂಡು ಎದುರಿಗೆ ಕೂರಿಸಿ ಕೇಳತೊಡಗಿದರು.

“ಮೂಗು ಎಂಗಿತ್ತವ್ವ?”

“ಮೂಗಿನಂಗೇ ಇತ್ತು ಬುದ್ದಿ.”

“ಕಣ್ಣು?”

“ಎರಡಿದ್ವು.”

ಅವರು ಬರೆದರು, ಅಳಿಸಿದರು, ಮತ್ತೆ ಬರೆದರು. ಪಕ್ಕದಲ್ಲಿ ಕೂತು ರಬ್ಬರು ಕೊಡುತ್ತಿದ್ದ ಶಾಂತಮಲ್ಲಮ್ಮನಿಗೆ ಆ ಕಾಗದ ತೂತಾಗುವುದೇನೋ ಎನಿಸಿತು. ಪ್ರತಿ ಸಲವೂ ಜಡೆಯಮ್ಮ ಕಾಗದವನ್ನು ದೂರ ಹಿಡಿದು ನೋಡಿ, “ಇವ್ನಲ್ಲ” ಎನ್ನುತ್ತಿದ್ದಳು. ಯಾವುದು ಸರಿಯಿಲ್ಲ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಹೊತ್ತು ಮುಳುಗುತ್ತದೆ, ಆನೆ ದಾಟುವ ದಾರಿ ಎಂದು ಎದ್ದವಳು, “ಇರ್ಲಿ ಬುಡಿ, ಕೊಡಿ” ಎಂದು ಕೈಗೆ ಸಿಕ್ಕ ಮುಖವನ್ನೇ ಮಡಚಿ ತೆಗೆದುಕೊಂಡು ಹೋದಳು. ಅವಳು ಹೋದ ಮೇಲೆ ಪುಟ್ಟಬಸಪ್ಪ ಮಡಿಲಿಗೆ ಬಿದ್ದಿದ್ದ ರಬ್ಬರಿನ ಪುಡಿ ಕೊಡವಿಕೊಂಡರು.

“ಯಾರೂ ಅಲ್ದೇ ಇರೋನ್ನ ಅವ್ಳ ಮನೆಗೆ ಕಳಿಸ್ಬುಟ್ಟೆ ಕಣವ್ವ,” ಎಂದರು ಮಗಳಿಗೆ.

ಮುಂದೆ ಶಾಂತಮಲ್ಲಮ್ಮ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಫೋಟೋಶಾಪು ಕಲಿತಳು. ಕಲಿಸುತ್ತಿದ್ದ ಪ್ರಭುಸ್ವಾಮಿ ಮೇಷ್ಟ್ರಿಗೆ ಪಾಠಕ್ಕಿಂತ ಪುರಾಣದಲ್ಲಿ ಆಸಕ್ತಿ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಹೇಗೆ ಶುರುವಾಯಿತೆಂದು ವಾರಗಟ್ಟಲೆ ಹೇಳಿದರು. ಮೊದಮೊದಲು ಅದರಲ್ಲಿ ಬರೀ ಗೆರೆ ಬರುತ್ತಿತ್ತಂತೆ, ಆಮೇಲೆ ಚೌಕ ಚೌಕ ಚುಕ್ಕಿ. ಹಳೆಯ ಆಟಗಳಲ್ಲಿ ಒಬ್ಬ ಮನುಷ್ಯನ ಮುಖಕ್ಕೆ ಸಿಗುತ್ತಿದ್ದುದು ಎಣಿಸಿ ಕೊಟ್ಟಷ್ಟು ಚುಕ್ಕಿ, ಬಾಯಿ ಬಿಡಿಸಲು ಜಾಗ ಸಾಲದೆ ಮೀಸೆ ಬಿಡಿಸಿ ಕೈತೊಳೆದುಕೊಂಡವರೂ ಇದ್ದರಂತೆ. ಉಳಿದ ಹುಡುಗರು ಆಕಳಿಸುತ್ತಿದ್ದರು. ಶಾಂತಮಲ್ಲಮ್ಮನಿಗೆ ಮಾತ್ರ ಇದು ಪರಿಚಯದ ವಿಷಯ. ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿದರೆ ಅಷ್ಟೇ ಚುಕ್ಕಿ ಉಳಿಯುತ್ತಿದ್ದವು. ಆ ಚುಕ್ಕಿಗಳಿಂದ ಮುಖ ಕಟ್ಟುವುದೇ ಅವಳ ಜೀವನವಾಗುವುದಿತ್ತು.

ಕಲಿತು ಬಂದು ಅವಳು ತೆರೆದ ಸ್ಟುಡಿಯೋಗೆ ಕಂಪ್ಯೂಟರು ಬಂದಾಗ ಪುಟ್ಟಬಸಪ್ಪ ಎಲ್ಲವನ್ನೂ ಸಹಿಸಿಕೊಂಡರು, ಒಂದು ಗುಂಡಿಯನ್ನು ಬಿಟ್ಟು. ತಪ್ಪಾದರೆ ಆ ಗುಂಡಿ ಒತ್ತಿದರಾಯಿತು, ತಪ್ಪು ಆಗಿಯೇ ಇಲ್ಲವೆಂಬಂತೆ ಹಿಂದಕ್ಕೆ ಹೋಗುತ್ತದೆ ಎಂದು ಮಗಳು ಒತ್ತಿ ತೋರಿಸಿದಳು. “ಮಾಡ್ದೋನ್ಗೆ ಮಾಡ್ದೆ ಅಂತ ಗ್ಯಾನ ಬ್ಯಾಡ್ವಾ?” ಎಂದು ಅವರು ಎದ್ದು ಹೊರಗೆ ಹೋದರು. ಬೋರ್ಡುಗಳಿಗೆ ಫ್ಲೆಕ್ಸು ಬಂದ ಮೇಲೆ ಅವರ ಬ್ರಷ್ಷುಗಳು ಸೀಮೆಎಣ್ಣೆಯ ಡಬ್ಬಿಯಲ್ಲೇ ಒಣಗಿದವು. ಒಂದೆರಡು ವರ್ಷಕ್ಕೆ ಅವರೂ ಹೋದರು. ಅವರ ಫೋಟೋಗೆ ಶಾಂತಮಲ್ಲಮ್ಮ ಕೋಟು ಹಾಕಲಿಲ್ಲ, ಬಣ್ಣ ಮೆತ್ತಿದ ಅಂಗಿಯನ್ನೇ ಉಳಿಸಿದಳು. ಮಗಳು ಜುಗ್ಗತನ ಮಾಡಿದಳೆಂದು ನೆಂಟರು ಆಡಿಕೊಂಡರು.

ಅಪ್ಪನಿಂದಾಗದ್ದನ್ನು ಕಂಪ್ಯೂಟರಿನಿಂದ ಮಾಡಿಯೇ ತೀರುತ್ತೇನೆಂದು ಅವಳಿಗೆ ಹಟ. ಜಡೆಯಮ್ಮನನ್ನು ಹೇಳಿ ಕಳಿಸಿ ಕರೆಸಿದಳು. ಜಡೆಯಮ್ಮ ಐದು ವರ್ಷದ ಮಗಳು ಪುಷ್ಪಳನ್ನೂ ಕರೆತಂದಳು. ಶಾಂತಮಲ್ಲಮ್ಮನ ಹತ್ತಿರ ಆ ಹೊತ್ತಿಗೆ ಸತ್ತವರ ಮೂಗು, ಕಣ್ಣು, ತುಟಿಗಳ ದೊಡ್ಡ ದಾಸ್ತಾನಿತ್ತು. ಒಬ್ಬರ ಮೂಗು ತಂದು ಇನ್ನೊಬ್ಬರ ಕೆನ್ನೆಗೆ ಜೋಡಿಸಿ, ಕಿವಿ ಬದಲಿಸಿ, ಬಣ್ಣ ತಿದ್ದಿ ತೋರಿಸಿದಳು.

“ಮೂಗು ಯಾರೋ ದೊಡ್ಡೋರ್ದು,” ಎಂದಳು ಜಡೆಯಮ್ಮ. ನಿಜವೇ, ಅದು ಗೆಟ್ಟವಾಡಿಯ ಒಬ್ಬ ಪಟೇಲರದು. “ಇವ್ನು ಕೋಟಿಕ್ಕಂಡು ಜೇನಿಗೆ ಓದಾನಾ?”

ಕೋಟು ತೆಗೆದರೂ ಅವನು ಮುನಿಯನಾಗಲಿಲ್ಲ. ಅಷ್ಟರಲ್ಲಿ ಪುಟ್ಟ ಪುಷ್ಪ ಸ್ಟುಡಿಯೋದ ಗೋಡೆಯ ಮೇಲಿದ್ದ ಕೋಟಿನವನೊಬ್ಬನಿಗೆ “ಅಪ್ಪ” ಎಂದು ಬೆರಳು ತೋರಿದಳು. ಆಮೇಲೆ ಪಕ್ಕದವನಿಗೂ ಅಪ್ಪ ಎಂದಳು. ಅಲ್ಲಿದ್ದ ಎಲ್ಲರಿಗೂ ಅಪ್ಪ ಎಂದಳು. ಶಾಂತಮಲ್ಲಮ್ಮನಿಗೆ ನಾಚಿಕೆಯಾಯಿತು. ಒಂದು ಮಗುವಿಗೆ ಅಷ್ಟೊಂದು ಅಪ್ಪಂದಿರನ್ನು ತೋರಿಸಿ, ಬೇಕಾದ ಒಬ್ಬನನ್ನು ತೋರಿಸಲಾಗದೆ ವಾಪಸ್ಸು ಕಳಿಸಿದ್ದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಕಾಲ ಹೀಗೆಯೇ ಇರಲಿಲ್ಲ. ಎಲ್ಲರ ಕೈಗೂ ಮೊಬೈಲು ಬಂತು. ಜನ ಸಾಯುವ ಮೊದಲೇ ತಮ್ಮ ಫೋಟೋ ತಾವೇ ತೆಗೆದುಕೊಂಡು, ಬೆಳ್ಳಗೆ ಮಾಡಿಕೊಂಡು, ಸಿದ್ಧವಾಗಿಟ್ಟುಕೊಳ್ಳತೊಡಗಿದರು. ‘ಕಣ್ಣೀರ್ ಅಂಜಲಿ’ ಎಂದು ಶ್ರದ್ಧಾಂಜಲಿಗೆ ಕಟ್ಟುವ ಫ್ಲೆಕ್ಸನ್ನು ಮೊಬೈಲಿನಲ್ಲೇ ಮಾಡುವ ಹುಡುಗರು ಬೀದಿಗಿಬ್ಬರು ಹುಟ್ಟಿದರು. ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತ ಕೂತಿದ್ದ ಶಾಂತಮಲ್ಲಮ್ಮ ವಿಡಿಯೋ ನೋಡಿ ನೋಡಿ ತ್ರೀಡಿ ಕಲಿತಳು. ಜೇಡಿಮಣ್ಣಿನ ಉಂಡೆಯಂಥದ್ದೊಂದು ಪರದೆಯ ಮೇಲಿರುತ್ತದೆ, ಪೆನ್ನಿನಲ್ಲಿ ಅದನ್ನು ಒತ್ತಬಹುದು, ಎಳೆಯಬಹುದು, ಕೆರೆಯಬಹುದು, ಮುಖವಾಗುತ್ತದೆ. ಮೇಲೆ ಚರ್ಮ ಬಳಿಯುತ್ತಾರೆ. ಚರ್ಮವೆಲ್ಲ ಆದ ಮೇಲೆ ಒಳಗೆ ಮೂಳೆ ಕೂರಿಸುತ್ತಾರೆ. ಬ್ರಹ್ಮ ಮಾಡುವುದಕ್ಕೆ ಪೂರಾ ಉಲ್ಟಾ, ಆದರೂ ಎದ್ದು ನಡೆಯುತ್ತದೆ.

ಕೊಯಮತ್ತೂರಿನಲ್ಲಿ ಹೊರದೇಶದ ವಿಡಿಯೋ ಗೇಮುಗಳಿಗೆ ಗೊಂಬೆ, ಮನೆ, ಮರ ಮಾಡಿಕೊಡುವ ಒಂದು ಕಂಪನಿಯಿತ್ತು. ಮನೆಯಿಂದಲೇ ಮಾಡುವ ಕೆಲಸಕ್ಕೆ ಜನ ಬೇಕೆಂದು ಜಾಹೀರಾತು ಹಾಕಿದ್ದರು. ಶಾಂತಮಲ್ಲಮ್ಮ ಅರ್ಜಿ ಹಾಕಿದಳು. ಅಲ್ಲಿನ ಮೇಲ್ವಿಚಾರಕ ಮುರುಗೇಶ ಪರೀಕ್ಷೆಗೆಂದು ಒಂದು ಗೊಂಬೆ ಕೇಳಿದ: ಬೆಟ್ಟದ ಊರಿನಲ್ಲಿ ಕುರಿ ಕಾಯುವ ಮುದುಕ. ಅವಳು ಮಾಡಿ ಕಳಿಸಿದಳು. ಅವನು ಫೋನು ಮಾಡಿದ. ಮಾತು ನಡೆದದ್ದು ತಮಿಳಿನಲ್ಲಿ. ಕನ್ನಡದಲ್ಲಿ ಹೇಳಿದರೂ ಅದರ ಅಂದ ಹೆಚ್ಚುವುದಿಲ್ಲ.

“ಅಕ್ಕಾ, ಕುರಿ ಕಾಯುವವನು ಕೋಟು ಯಾಕೆ ಹಾಕಿದ್ದಾನೆ?”

“ಫೋಟೋಗೆ ಹಾಕ್ತಾರೆ.”

“ಹಣೆಯಲ್ಲಿ ಒಂದು ಸುಕ್ಕಿಲ್ಲ. ಪೌಡರ್ ಬಳಿದ ಹಾಗಿದೆ.”

“ಮನೆಯವರು ಹಾಗೇ ಕೇಳ್ತಾರೆ.”

“ಯಾರ ಮನೆಯವರು?”

“ಸತ್ತೋರ ಮನೆಯವರು.”

“ಅಕ್ಕಾ, ಇವನು ಸತ್ತಿಲ್ಲ.”

“ಮತ್ತೆ ಮುಖ ಯಾಕ್ ಬೇಕು?”

ಮುರುಗೇಶ ಸೋತು, ಕೈ ಚೆನ್ನಾಗಿದೆ, ಇನ್ನೊಂದು ಸಲ ಮಾಡಿ, ದಯವಿಟ್ಟು ಬದುಕಿರುವವರನ್ನು ಎದುರಿಗೆ ಕೂರಿಸಿಕೊಂಡು ಮಾಡಿ ಎಂದ.

ಬದುಕಿರುವವರು ಅವಳ ಎದುರಿಗೆ ಕೂರಬೇಕಲ್ಲ. ಪಕ್ಕದಲ್ಲಿ ಟೀ ಅಂಗಡಿಯ ಬಸವಯ್ಯನಿದ್ದ. ಸುಕ್ಕಿಗೆ ಸುಕ್ಕು, ನರೆಗೆ ನರೆ, ಹೇಳಿ ಮಾಡಿಸಿದಂಥ ಮುಖ. ವಿಷಯ ಕೇಳುತ್ತಲೇ ಅವನು ಲೋಟ ಕೆಳಗಿಟ್ಟು ಕೈಮುಗಿದ.

“ನಾನೇನವ್ವ ಮಾಡಿದ್ದೆ ನಿಂಗೆ? ದಿನಾ ಗಟ್ಟಿ ಆಲಿನ ಟೀ ಕೊಟ್ಟಿವ್ನಿ.”

“ಬಸವಣ್ಣ, ಇದು ಆಟುಕ್ಕೆ ಕಣಣ್ಣ. ಸತ್ತೋರ್ಗಲ್ಲ.”

“ಮೊದ್ಲು ಎಲ್ರೂ ಆಟ ಅಂತ್ಲೇ ಏಳಾದು.”

ಹಾರ ಹಾಕುವುದಿಲ್ಲ, ಹಣೆಗೆ ವಿಭೂತಿ ಬಳಿಯುವುದಿಲ್ಲ ಎಂದು ಆಣೆ ಮಾಡಿದ ಮೇಲೆ ಕೂತ. ಅವಳು ಕೆಲಸ ಮಾಡುವಾಗ ಆಗಾಗ ಕೆಮ್ಮಿ ತಾನಿನ್ನೂ ಇದ್ದೇನೆಂದು ಖಾತ್ರಿಪಡಿಸುತ್ತಿದ್ದ. ಚಿತ್ರ ಮುಗಿದ ಮೇಲೆ ಒಂದು ವಾರ ತನಗೇನೂ ಆಗದಿದ್ದರೆ ಮಾತ್ರ ಕಳಿಸಬೇಕೆಂದು ಹೊಸ ಕರಾರು ಹಾಕಿದ. ಶಾಂತಮಲ್ಲಮ್ಮ ವಾರ ಕಾದಳು. ಬಸವಯ್ಯನಿಗೆ ಏನೂ ಆಗಲಿಲ್ಲ.

ಮುಖ ನೋಡಿ ಮುರುಗೇಶ ಹೊಗಳಿದ. ಗೊಂಬೆಯನ್ನು ತಿರುಗಿಸಿ ನೋಡಿ ಮತ್ತೆ ಫೋನು ಮಾಡಿದ.

“ಅಕ್ಕಾ, ಹಿಂದೆ ಏನೂ ಇಲ್ಲ!”

“ಹಿಂದೆ ಗೋಡೆ ಇರ್ತದಲ್ಲ.”

ಮುಖದ ಹಿಂದೆ ಗೋಡೆ ಇರುತ್ತದೆ, ಗೋಡೆಗೆ ಮೊಳೆ ಇರುತ್ತದೆ, ಮೊಳೆಗೆ ಮುಖ ನೇತುಹಾಕುತ್ತಾರೆ. ಇಷ್ಟು ವರ್ಷ ಅವಳಿಗೆ ಗೊತ್ತಿದ್ದುದು ಅಷ್ಟು. ಗೇಮಿನ ವಿಷಯ ಬೇರೆ ಎಂದು ಮುರುಗೇಶ ಬಿಡಿಸಿ ಹೇಳಿದ. ಆಡುವವನು ತನ್ನ ಗೊಂಬೆಯ ಹಿಂದೆ ಹಿಂದೆಯೇ ಹೋಗುತ್ತಾನೆ. ಆಟ ಮುಗಿಯುವ ತನಕ ಅವನು ನೋಡುವುದು ಬೆನ್ನನ್ನು. ಮುಖಕ್ಕಿಂತ ಬೆನ್ನಿಗೇ ಜಾಸ್ತಿ ಕೆಲಸ. ಶಾಂತಮಲ್ಲಮ್ಮ ಟೀ ಅಂಗಡಿಗೆ ವಾಪಸ್ಸು ಹೋಗಿ ಬೆನ್ನು ತೋರಿಸು ಎಂದಾಗ ಬಸವಯ್ಯ, “ಮೊಖ ಆಯ್ತು, ಈಗ ಬೆನ್ನಾ? ಸುತ್ತಿ ಸುತ್ತಿ ಸಾಯಿಸ್ತೀಯಾ?” ಎಂದು ಗೊಣಗಿದ. ಬೆನ್ನನ್ನು ಹೇಗೂ ಅಂಗಡಿಯಲ್ಲಿ ಟೀ ಸೋಸುವಾಗ ಎಲ್ಲರಿಗೂ ತೋರಿಸುತ್ತಿದ್ದನಾದ್ದರಿಂದ ಅದಕ್ಕೆ ಅವನ ಒಪ್ಪಿಗೆ ಬೇಕಾಗಲಿಲ್ಲ.

ಕೆಲಸ ಸಿಕ್ಕಿತು. ಅಲ್ಲಿ ಒಂದು ಚಪ್ಪಲಿಗೆ ಮೂರು ಜನ. ಒಬ್ಬ ಆಕಾರ ಮಾಡಿದರೆ ಒಬ್ಬ ಬಣ್ಣ ಬಳಿಯುತ್ತಾನೆ, ಇನ್ನೊಬ್ಬ ಕೂತು ಅದನ್ನು ಸವೆಸುತ್ತಾನೆ. ನಾಯಕರನ್ನು, ರಾಕ್ಷಸರನ್ನು ಮಾಡುವವರು ಬೇರೆ. ಶಾಂತಮಲ್ಲಮ್ಮನ ಪಾಲಿಗೆ ಬಂದದ್ದು ಬೀದಿಯ ಜನ: ಸೊಪ್ಪು ಮಾರುವವಳು, ಬಾವಿ ಕಟ್ಟೆಯ ಮೇಲೆ ಸುಮ್ಮನೆ ಕೂತವನು. ಆಡುವ ಹುಡುಗರು ಅವರ ಪಕ್ಕದಲ್ಲಿ ಕುದುರೆ ಓಡಿಸಿಕೊಂಡು ಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ಅವಳಿಗೆ ಆ ಕೆಲಸ ಇಷ್ಟವಾಯಿತು. ಬೆಳ್ಳಗೆ ಮಾಡಿಕೊಡಿ ಎಂದು ಅವರ ಮನೆಯವರು ಯಾರೂ ಬರುತ್ತಿರಲಿಲ್ಲ.

ಮುನಿಯನನ್ನು ಅವಳು ಮರೆತಿರಲಿಲ್ಲ. ಕಂಪನಿಯ ಕೆಲಸ ಮುಗಿದ ಮೇಲೆ ತನ್ನದೇ ಒಂದು ಸಣ್ಣ ಕಾಡು ಮಾಡಿದಳು. ಬಿದಿರು, ಬಂಡೆ, ಒಂದು ಕಾಲುಹಾದಿ. ಹಾದಿಯಲ್ಲಿ ನಡೆಯುವ ಒಬ್ಬ ಮನುಷ್ಯ. ಮುಖವನ್ನು ಪುಷ್ಪಳ ಮುಖದಿಂದ ಹಿಂದಕ್ಕೆ ಲೆಕ್ಕ ಹಾಕಿದಳು: ಮಗಳ ಮುಖದಲ್ಲಿ ಜಡೆಯಮ್ಮನನ್ನು ಕಳೆದರೆ ಉಳಿಯುವವನು ಮುನಿಯ ತಾನೇ? ಮೈ ಮಾಡಲು ಪುರುಸೊತ್ತಾಗದೆ, ಸದ್ಯಕ್ಕಿರಲಿ ಎಂದು ಬಸವಯ್ಯನ ಮೈಯನ್ನೇ ಕೂರಿಸಿದಳು. ಮುಖ ಸರಿಯಾಗಿದೆ ಎಂಬ ಧೈರ್ಯ ಬಂದ ದಿನ ಇಬ್ಬರಿಗೂ ಹೇಳಿ ಕಳಿಸಿದಳು.

ಪುಷ್ಪ ಈಗ ಚಾಮರಾಜನಗರದಲ್ಲಿ ನರ್ಸಿಂಗ್ ಓದುವ ಹುಡುಗಿ. ಬಂದವಳೇ ಮೊಬೈಲು ತೆಗೆದು ಶಾಂತಮಲ್ಲಮ್ಮನ ಮುಂದೆ ಹಿಡಿದಳು. “ನೋಡಕ್ಕ, ನಾನೇ ಮಾಡ್ಸ್ದೆ.” ನಾಲ್ಕು ಮಾತು ಬರೆದರೆ ಚಿತ್ರ ಮಾಡಿಕೊಡುವ ಹೊಸ ಆ್ಯಪು. ಮುನಿಯ ಎಂಬ ಹೆಸರಿನವನೊಬ್ಬ ಅದರಲ್ಲಿ ಹಲ್ಲು ಬಿಟ್ಟು ನಗುತ್ತ, ಪುಷ್ಪಳ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ಕಣ್ಣು ತಿಳಿಜೇನಿನ ಬಣ್ಣ. ಗಡ್ಡ ಕತ್ತರಿಸಿದ ಅಂದಕ್ಕೆ ಸಲೂನಿನವರು ಬೋರ್ಡು ಹಾಕಿಕೊಳ್ಳಬಹುದಿತ್ತು.

“ಅವ್ವುಂಗೆ ತೋರಿಸ್ದ್ಯಾ?” ಎಂದು ಶಾಂತಮಲ್ಲಮ್ಮ ಕೇಳಿದಳು.

“ಸೀರೆ ಅಂಗ್ಡಿಯೋನು ಅಂದ್ಲು.”

ಜಡೆಯಮ್ಮ ಬಾಗಿಲ ಬಳಿ ನೆಲದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅಲ್ಲಿಂದಲೇ, ಯಾರ ಮುಖವನ್ನೂ ನೋಡದೆ ಹೇಳಿದಳು:

“ಇನ್ ಬ್ಯಾಡ ಬುಡವ್ವ. ಮೊದ್ಲೆಲ್ಲಾ ಕನ್ಸಲ್ಲಿ ಬರೋನು. ಈಗ ಬಂದ್ರೆ ನಿಮ್ಮಪ್ಪ ಬರ್ಕೊಟ್ಟ ಮೊಖ ಇಕ್ಕಂಡು ಬತ್ತಾನೆ. ಒಂದೊಂದ್ಸಲ ನೀನು ಜೋಡಿಸ್ದೆಲ್ಲ, ಆ ದೊಡ್ಡೋರ ಮೂಗು, ಅದ್ರಲ್ಲಿ ಬತ್ತಾನೆ. ಮೊನ್ನೆ ಈ ಸೀರೆ ಅಂಗ್ಡಿಯೋನೂ ಬಂದ. ಅವ್ನ ಮೊಖ ಮಾತ್ರ ಬತ್ತಿಲ್ಲ. ನಂಗೂ ಮರ್ತೋಯ್ತಾ ಅದೆ ಕಣವ್ವ. ನಾನೂ ಮರ್ತ್‌ಬುಟ್ರೆ ಇನ್ಯಾರಿಗ್ ಗೊತ್ತು?”

ಇಷ್ಟು ವರ್ಷ ಶಾಂತಮಲ್ಲಮ್ಮ ತಾನು, ತನ್ನಪ್ಪ ಸೇರಿ ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದೇವೆ ಎಂದುಕೊಂಡಿದ್ದಳು. ಹುಡುಕುತ್ತ ಹುಡುಕುತ್ತ ಉಳಿದಿದ್ದ ಒಂದೇ ಜಾಗದಿಂದಲೂ ಅವನನ್ನು ಅಳಿಸುತ್ತ ಬಂದಿದ್ದರು. ಅದನ್ನು ಹಿಂದಕ್ಕೆ ತರುವ ಗುಂಡಿ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಈಗ ಇನ್ನೊಂದು ಮುಖ ತೋರಿಸಿದರೆ ಇರುವಷ್ಟೂ ಹೋಗುತ್ತದೆ. ತೋರಿಸಬಾರದು, ಟೀ ತರಿಸಿ ಕುಡಿಸಿ ಕಳಿಸಿಬಿಡಬೇಕು ಎಂದು ನಿರ್ಧರಿಸಿ, ಬಸವಯ್ಯನನ್ನು ಕೂಗಲು ಹೊರಗೆ ಹೋದಳು.

ಅವಳು ಒಳಗೆ ಬರುವಷ್ಟರಲ್ಲಿ ಪುಷ್ಪ ಕಂಪ್ಯೂಟರಿನ ಮುಂದೆ ಕೂತು, ತೆರೆದಿಟ್ಟಿದ್ದ ಆಟವನ್ನು ಶುರು ಮಾಡಿಬಿಟ್ಟಿದ್ದಳು. ಪರದೆಯ ತುಂಬ ಕಾಡು. ಕಾಲುಹಾದಿಯಲ್ಲಿ ಒಬ್ಬ ಮನುಷ್ಯ ಬೆನ್ನು ಹಾಕಿ ನಿಂತಿದ್ದ, ಗೇಮುಗಳಲ್ಲಿ ಎಲ್ಲರೂ ನಿಲ್ಲುವ ಹಾಗೆ. ಶಾಂತಮಲ್ಲಮ್ಮ ಓಡಿ ಬಂದು ಆರಿಸಲು ಕೈ ಚಾಚಿದಳು.

“ಇದು ಟೀ ಅಂಗ್ಡಿ ಬಸವಯ್ಯ ಅಲ್ವಾ?” ಎಂದಳು ಹಿಂದಿನಿಂದ ಜಡೆಯಮ್ಮ.

ಶಾಂತಮಲ್ಲಮ್ಮನ ಕೈ ಅಲ್ಲೇ ನಿಂತಿತು. ಪರದೆಯ ಮೇಲಿದ್ದವನ ಮುಖ ಕಾಣುತ್ತಿರಲಿಲ್ಲ. ಮೈಮೇಲೆ ಅಂಗಿಯೂ ಇರಲಿಲ್ಲ, ಸೊಂಟಕ್ಕೊಂದು ಪಂಚೆ ಅಷ್ಟೇ.

“ಎಂಗ್ ಗೊತ್ತಾಯ್ತು ಜಡೆಯಕ್ಕ?”

“ಬೆನ್ನು ನೋಡುದ್ರೆ ಗೊತ್ತಾಗಲ್ವಾ?”

“ನಂಗ್ ಗೊತ್ತಾಗಲ್ಲ.”

ಜಡೆಯಮ್ಮನಿಗೆ ಇದು ವಿಚಿತ್ರವಾಗಿ ಕಂಡಿತು. ಎದ್ದು ಹತ್ತಿರ ಬಂದಳು. “ಕಾಡಲ್ಲಿ ಆದಿ ಒಬ್ರಿಗಷ್ಟೇ ಇರಾದು ಕಣವ್ವ. ಮುಂದೆ ಅವ್ನು, ಇಂದೆ ನಾನು. ಸೌದೆಗೆ ಓದ್ರೂ ಅಂಗೇ, ಜೇನಿಗೆ ಓದ್ರೂ ಅಂಗೇ, ಸಂತೆಗ್ ಬಂದ್ರೂ ಅಂಗೇ. ಮೊಖ ನಾನ್ ಯಾವತ್ ನೋಡಾನೆ? ಮನೆಗ್ ಓಗೋವಷ್ಟ್ರಲ್ಲಿ ಕತ್ಲಾಗದು. ನಾನ್ ಅವ್ನ್ ಜೊತೆ ಇದ್ದದ್ದೆಲ್ಲಾ ಅವ್ನ ಬೆನ್ನು ನೋಡ್ಕಂಡೇ.”

ಇಪ್ಪತ್ತು ವರ್ಷ, ಅಪ್ಪನ ಪೆನ್ಸಿಲು, ಮಗಳ ಫೋಟೋಶಾಪು, ಪುಷ್ಪಳ ಆ್ಯಪು, ಎಲ್ಲವೂ ಮುನಿಯ ಮುಂದಿನಿಂದ ಹೇಗಿದ್ದನೆಂದೇ ಕೇಳಿದ್ದವು. ಶಾಂತಮಲ್ಲಮ್ಮ ಕುರ್ಚಿ ಎಳೆದುಕೊಂಡು ಕೂತು ಪೆನ್ನು ಕೈಗೆ ತೆಗೆದುಕೊಂಡಳು.

“ಏಳ್ಕೊಡು ಜಡೆಯಕ್ಕ. ಬೆನ್ನು ಎಂಗಿತ್ತು?”

“ಬಸವಯ್ಯುಂದು ಕೂತು ಕೂತು ಬಗ್ಗೋಗದೆ. ನೆಟ್ಟುಗ್ ಮಾಡು. ಎಡಗಡೆ ಬುಜ ಇಳ್ಸು, ಕೊಡ್ಲಿ ಆ ಕಡೇಲಿ ಇರಾದು. ಅಷ್ಟಲ್ಲ. ಒಸಿ ಮ್ಯಾಕೆ. ಆಂ.”

ಮೂಗು ಮೂಗಿನಂಗೇ ಇತ್ತು ಎಂದಿದ್ದವಳ ಬಾಯಿಂದ ಈಗ ಮಾತು ನಿಲ್ಲಲಿಲ್ಲ. ಕತ್ತು ಸಣ್ಣ ಮಾಡಿಸಿದಳು. ಕತ್ತಿನ ಹಿಂದೆ ಕೂದಲು ಸುಳಿ ಸುತ್ತಿದ ಜಾಗ ತೋರಿಸಿದಳು. ಬೆನ್ನ ಮೇಲೆ ಜೇನು ಕಚ್ಚಿದ ಹಳೆಯ ಗುರುತುಗಳನ್ನು ಪರದೆಯ ಮೇಲೆ ಬೆರಳಿಟ್ಟು ಹಾಕಿಸಿದಳು. ಕಿವಿ ಎರಡನ್ನೂ ಆಚೆಗೆ ಎಳೆಸಿದಳು. “ಎದ್ರು ಬಿಸ್ಲು ಬಿದ್ರೆ ಇಂದಿಂದ ನೋಡಾಕೆ ಕೆಂಪ್ಗ್ ಕಾಣವು,” ಎಂದಳು. ಶಾಂತಮಲ್ಲಮ್ಮ ಬೆಳಕು ಹಾಯುವಂತೆ ಮಾಡಿದಳು. ಕಿವಿ ಕೆಂಪಗಾದವು. ನಡೆಸಿ ತೋರಿಸಿದಾಗ, ಬಲಗಾಲನ್ನು ಒಂಚೂರು ಆಚೆ ಎಸೆದಂತೆ ಇಡುತ್ತಿದ್ದ ಎಂದು ತಾನೇ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಬಸವಯ್ಯ ತಂದಿಟ್ಟ ಟೀ ಆರಿತು. ಅವನು ಪರದೆ ನೋಡಿ, ತನ್ನ ಬೆನ್ನು ಕಳೆದುಹೋದದ್ದು ಗೊತ್ತಾಗದೆ, ಲೋಟ ತೆಗೆದುಕೊಂಡು ಹೋದ.

ಯಾವಾಗಲೋ ಒಂದು ಹೊತ್ತಿನಲ್ಲಿ ಜಡೆಯಮ್ಮ ಹೇಳುವುದನ್ನು ನಿಲ್ಲಿಸಿದಳು. ಶಾಂತಮಲ್ಲಮ್ಮ ತಿರುಗಿ ನೋಡಿದಳು. ಜಡೆಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

“ಇವ್ನೇ,” ಎಂದಳು.

ಶಾಂತಮಲ್ಲಮ್ಮನಿಗೆ ಅಳು ಬಂತು. ಊರಿನ ಅಷ್ಟೊಂದು ಸತ್ತವರ ಮುಖ ಮಾಡಿದವಳು ಯಾರ ಮನೆಯವರ ಎದುರಿಗೂ ಒಂದು ಹನಿ ಹಾಕಿದವಳಲ್ಲ. ಈಗ ಮೂಗು ಒರೆಸಿಕೊಳ್ಳಲು ಟವೆಲ್ಲು ಹುಡುಕಿದಳು.

“ತಿರುಗ್ಸಕ್ಕ,” ಎಂದಳು ಪುಷ್ಪ. “ಮೊಖ ನೋಡ್ಬೇಕು.”

“ಬ್ಯಾಡ ಕಣಮ್ಮಿ,” ಎಂದಳು ಜಡೆಯಮ್ಮ. “ಆ ಮೊಖ ಅಕ್ಕ ಮಾಡಿರಾದು. ಇದ್ನೇ ನೋಡು. ನಾನೂ ಇದ್ನೇ ನೋಡ್ದದ್ದು.”

ಶಾಂತಮಲ್ಲಮ್ಮ ಅವನು ತನ್ನಷ್ಟಕ್ಕೆ ನಡೆಯುವಂತೆ ಮಾಡಿ, ಅವನ ಹಿಂದೆ ಹೋಗುವ ಕೀಗಳನ್ನು ಪುಷ್ಪಳಿಗೆ ತೋರಿಸಿದಳು. ಮೇಲಿನ ಬಾಣ ಒತ್ತಿದರೆ ಮುಂದೆ, ಕೆಳಗಿನದು ಒತ್ತಿದರೆ ಹಿಂದೆ. ಮುನಿಯ ಬಿದಿರು ಮೆಳೆಗಳ ನಡುವೆ ಬಲಗಾಲನ್ನು ಒಂಚೂರು ಆಚೆ ಇಡುತ್ತ ಹೊರಟ. ಪುಷ್ಪ ಮೇಲಿನ ಬಾಣ ಒತ್ತಿದಳು. ಬಿಡದೆ ಒತ್ತಿದಳು. ಅವನ ಹೆಗಲು, ಕತ್ತಿನ ಸುಳಿ, ಬೆಳಕು ಹಾಯ್ದ ಕಿವಿ ದೊಡ್ಡದಾಗುತ್ತ ಬಂದವು. ಇನ್ನೊಂದು ಹೆಜ್ಜೆ ಹಾಕಿದರೆ ಬೆನ್ನು ಮುಟ್ಟಬೇಕು.

“ಅಷ್ಟು ಅತ್ರ ಓಗ್ಬ್ಯಾಡ ಕಣಮ್ಮಿ,” ಎಂದಳು ಜಡೆಯಮ್ಮ. “ಅವ್ನು ಸರ್ಸಿದ್ ಕೊಂಬೆ ತಿರುಗ್ ಬಂದು ನಿನ್ ಮೊಖಕ್ಕೆ ಒಡೀತದೆ.”

ಪುಷ್ಪ ಕೆಳಗಿನ ಬಾಣ ಒತ್ತಿ ಒಂದು ಹೆಜ್ಜೆ ಹಿಂದಕ್ಕೆ ಬಂದಳು.